ಮನೆಯೊಳಗಿನ ರೇಡಿಯೋ ನಿಲಯವೂ ನಮ್ಮ ಹೆಣ್ಣುಮಕ್ಕಳೂ

ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಂದೆಯು ಎದ್ದು ನಿಂತು, "ನನ್ನ ಮಗಳು ಮನೆಯಲ್ಲಿ ಹ್ಯಾಮ್ ರೇಡಿಯೋ ಇಡಬೇಕೆನ್ನುತ್ತಾಳೆ. ಅದರ ಪರೀಕ್ಷೆಯಲ್ಲಿ ತೇರ್ಗಡೆಯೂ ಆಗಿದ್ದಾಳೆ. ಗುರುತು ಪರಿಚಯವಿಲ್ಲದವರ ಸಂಗಡ ಆಕಾಶದಲ್ಲಿ ಮಾತಾಡುವ ಈ ಕೆಲಸವು ಹುಡುಗಿಯರಿಗೆ ಒಪ್ಪುವದೋ? ನೀವೇ ಹೇಳಿರಿ, ಟೀಚರೇ" ಎಂದು ಕೇಳಿದರು. ಸಭೆಯಲ್ಲಿ ಕೆಲವರು ನಕ್ಕರು. ನಾವು ಆಗ ಕೊಟ್ಟ ಉತ್ತರವು ಎರಡೇ ವಾಕ್ಯದ್ದು. ಅದು ಕೇಳಿದವರಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ. ಆದಕಾರಣ ಈ ಸ್ಮಾರಕ ಸಂಚಿಕೆಯಲ್ಲಿ ನಮಗೆ ದೊರೆತಿರುವ ಪುಟಗಳನ್ನು ಆ ಪ್ರಶ್ನೆಗೇ ಮೀಸಲಾಗಿಟ್ಟಿದ್ದೇವೆ. ಶಾಲೆಯ ಫಲಿತಾಂಶ, ಹೊಸ ಕಟ್ಟಡ ಮುಂತಾದವುಗಳನ್ನು ವಾಚಕರು ವಾರ್ಷಿಕ ವರದಿಯಲ್ಲಿ ಓದಿಕೊಳ್ಳಬಹುದು.

ಹ್ಯಾಮ್ ರೇಡಿಯೋ ಎಂದರೇನೆಂದು ಅರಿಯದವರೂ ಇರಬಹುದಾದ್ದರಿಂದ ಮೊದಲು ಅದರ ವಿಷಯವಾಗಿ ಸ್ವಲ್ಪ ಹೇಳುವೆವು. ಆಕಾಶವಾಣಿಯ ನಿಲಯದವರು ಹೇಳುತ್ತಾರೆ, ನಾವು ಕೇಳುತ್ತೇವೆ. ತಿರುಗಿ ಉತ್ತರ ಕೊಡುವ ಅವಕಾಶವು ನಮಗಿಲ್ಲ. ಹವ್ಯಾಸಿ ರೇಡಿಯೋದಲ್ಲಾದರೋ ಮನೆಯ ಮೂಲೆಯಲ್ಲಿ ಕುಳಿತವರು ಹೇಳುವವರೂ ಹೌದು, ಕೇಳುವವರೂ ಹೌದು. ಅದರಲ್ಲಿ ಹಣ ಸಂಪಾದಿಸಕೂಡದು, ವ್ಯಾಪಾರದ ಮಾತು ಆಡಕೂಡದು, ಸಂಗೀತವನ್ನು ಪ್ರಸಾರ ಮಾಡಕೂಡದು. ಕಲಿಯುವ ಆಸೆಯೂ ಸ್ನೇಹವೂ ಹೊರತು ಬೇರೆ ಲಾಭವಿಲ್ಲ. ನಮ್ಮ ದೇಶದಲ್ಲಿ ಹನ್ನೆರಡು ವರ್ಷ ತುಂಬಿದ ಯಾರಾದರೂ ಕೇಂದ್ರ ಸರ್ಕಾರದವರು ನಡಿಸುವ ಪರೀಕ್ಷೆಗೆ ಕೂಡಬಹುದು. ವಿದ್ಯುತ್ತಿನ ಮೂಲತತ್ವಗಳನ್ನೂ ರೇಡಿಯೋ ನಿಯಮಗಳನ್ನೂ ತಿಳಿದಿರಬೇಕು. ಮೇಲಿನ ದರ್ಜೆಯವರು ಮೋರ್ಸ್ ಸಂಕೇತವನ್ನು ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಕಳುಹಿಸಲೂ ಗ್ರಹಿಸಲೂ ಬಲ್ಲವರಾಗಿರಬೇಕು. ಅನಂತರ ಲೈಸೆನ್ಸೂ ಅದರೊಂದಿಗೆ ಒಂದು ಕರೆಸಂಕೇತವೂ ದೊರೆಯುವವು. ಭಾರತದವರ ಸಂಕೇತವು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಆರಂಭವಾಗುವದು. ಆ ಅಕ್ಷರಗಳು ಲೋಕದಲ್ಲಿ ಮತ್ತೊಬ್ಬರಿಗಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಇಂಥ ಹೆಸರೊಂದು ಸ್ವಂತ ಪ್ರಯತ್ನದಿಂದ ದೊರೆಯುವದು ಸಣ್ಣ ಸಂಗತಿಯೆಂದು ನಮಗೆ ತೋರುವದಿಲ್ಲ.

ಪರೀಕ್ಷೆಯೇ ಇಲ್ಲದ ರೇಡಿಯೋ ಒಂದುಂಟು. ಅಮೆರಿಕದಲ್ಲಿ 1958ರಿಂದ ನಡೆದುಬಂದಿರುವ 27 ಮೆಗಾಹರ್ಟ್ಸಿನ ನಾಗರಿಕ ಪಟ್ಟಿಯು, ಅಂದರೆ ಸಿ.ಬಿ. ಎಂಬದು, ಆ ಜಾತಿಯದು. 1970ರ ದಶಕದಲ್ಲಿ ಅಲ್ಲಿಯ ಲಾರಿ ಚಾಲಕರಿಂದಾಗಿ ಅದು ಬಹಳ ಪ್ರಸಿದ್ಧಿಗೆ ಬಂದಿತು. ನಮ್ಮಲ್ಲಿಯೂ 2005ರಲ್ಲಿ ಆ ಪಟ್ಟಿಯಲ್ಲಿ 5 ವಾಟ್‌ಗಳ ವರೆಗೆ ಲೈಸೆನ್ಸಿನ ಅಗತ್ಯವನ್ನು ತೆಗೆದುಹಾಕಿದರು. ಊರೊಳಗಿನ ಮಾತಿಗೆ ಅದು ಸಾಕು. ಆದರೆ ಕಲಿಸುವವರ ಪಕ್ಷಪಾತವೆಂದು ಬೇಕಾದರೆ ಹೇಳಿರಿ, ಪರೀಕ್ಷೆ ಕೊಟ್ಟು ಪಡೆದ ಮೈಕಿನ ಮುಂದೆ ಮನುಷ್ಯನ ನಾಲಿಗೆಯು ತುಸು ಹೆಚ್ಚು ನೆಟ್ಟಗಿರುವದೆಂದೇ ನಮ್ಮ ಎಣಿಕೆ.

ಸಭೆಯಾದ ಮರುವಾರ ನಾವು ಇಂಥ ಒಂದು ನಿಲಯವನ್ನು ಕಣ್ಣಾರೆ ನೋಡೋಣವೆಂದು ಹೊರಟೆವು. ಆ ಹುಡುಗಿಗೆ ಈ ವಿದ್ಯೆಯನ್ನು ಕಲಿಸಿದವರು ನಮ್ಮ ಊರಿನವರೇ ಆದ ಒಬ್ಬ ನಿವೃತ್ತ ಅಂಚೆ ನೌಕರರು. ನಿಲಯವೆಂಬ ಮಾತಿನಿಂದ ನಾವು ದೊಡ್ಡದೇನನ್ನೋ ಊಹಿಸಿಕೊಂಡಿದ್ದೆವು. ನೋಡಲಾಗಿ, ಹಿಂಗೋಣೆಯಲ್ಲಿ ಒಂದು ಹಳೆಯ ಮೇಜು. ಅದರ ಮೇಲೆ ಕಿಟ್ಟೆಲರ ನಿಘಂಟಿನಷ್ಟು ಗಾತ್ರದ ಒಂದು ಸೆಟ್ಟು. ಕಳುಹಿಸುವದೂ ಹಿಡಿಯುವದೂ ಅದೊಂದರಲ್ಲಿಯೇ. ಪಕ್ಕದಲ್ಲಿ ಮನೆಯ ಕರೆಂಟನ್ನು 13.8 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ. ನೂರು ವಾಟ್ ಕಳುಹಿಸುವ ಸೆಟ್ಟು ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುವದಂತೆ. ಮೇಜಿನ ಕೆಳಗೆ ಕಾರಿನ ಬ್ಯಾಟರಿ. ಕರೆಂಟು ಹೋದರೂ ನಿಲಯವು ಸುಮ್ಮನಾಗದು. ಒಂದು ಮೈಕು, ಹಿತ್ತಾಳೆಯ ಮೋರ್ಸ್ ಕೀಲಿ, ಗಡಿಯಾರ, ಗೆರೆ ಎಳೆದ ದಾಖಲೆ ಪುಸ್ತಕ. ಗೋಡೆಯ ತುಂಬ ದೇಶದೇಶಗಳ ಹವ್ಯಾಸಿಗಳು ಮಾತುಕತೆಯ ಗುರುತಿಗಾಗಿ ಕಳುಹಿಸಿದ ಕಾರ್ಡುಗಳು. ಆ ಕೋಣೆಯಲ್ಲಿ ನಮ್ಮ ಮನೆಯ ಹೊಲಿಗೆ ಯಂತ್ರಕ್ಕಿಂತ ಹೆಚ್ಚು ಜಾಗ ಹಿಡಿಯುವ ವಸ್ತು ಯಾವದೂ ಇರಲಿಲ್ಲ.

ನಿಜವಾದ ನಿಲಯವು ಕೋಣೆಯ ಹೊರಗಿತ್ತು. ಹೊಸಬರು ಕೈಯಲ್ಲಿದ್ದ ಹಣವನ್ನೆಲ್ಲ ಸೆಟ್ಟಿಗೆ ಸುರಿದು ಏರಿಯಲ್ಲಿಗೆ ಉಳಿದ ಚಿಲ್ಲರೆಯನ್ನು ಕೊಡುತ್ತಾರೆ, ಇದೇ ಮೊದಲನೆಯ ತಪ್ಪು ಎಂದು ಆ ಹಿರಿಯರು ನಮಗೆ ಎರಡು ಸಾರಿ ಹೇಳಿದರು. ಅಂಗಳದಲ್ಲಿ ಒಂದು ಅಡಿಕೆ ಮರದ ಕಂಬ. ಅದರ ತುದಿಯಿಂದ ಎರಡು ಕಡೆಗೂ ಮಾಡಿನ ಹಾಗೆ ಇಳಿದ ತಾಮ್ರದ ತಂತಿ. ಅಷ್ಟೇ. ಆದರೆ ಆ ತಂತಿಯ ಉದ್ದವು ಮನಸ್ಸಿಗೆ ಬಂದ ಹಾಗೆ ಇಟ್ಟದ್ದಲ್ಲ. 143 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅರ್ಧ ಅಲೆಯ ತಂತಿಯು ಎಷ್ಟು ಮೀಟರ್ ಇರಬೇಕೆಂಬದು ಬರುತ್ತದೆ. 7.1 ಮೆಗಾಹರ್ಟ್ಸಿಗೆ ಸುಮಾರು 20 ಮೀಟರ್. ಕಂಬದ ಒಂದೊಂದು ಮಗ್ಗುಲಿಗೆ ಹತ್ತು ಹತ್ತು. 14 ಮೆಗಾಹರ್ಟ್ಸಿಗಾದರೆ ಅದರಲ್ಲಿ ಅರ್ಧ. ಭಾಗಾಕಾರವನ್ನು ಯಾತಕ್ಕೆ ಕಲಿಯಬೇಕು ಎಂದು ಕೇಳುವ ಹುಡುಗಿಯರಿಗೆ ಇಷ್ಟು ವರ್ಷ ನಾವು ಕೊಟ್ಟ ಯಾವ ಉತ್ತರವೂ ಈ ತಂತಿಯಷ್ಟು ಚೆನ್ನಾಗಿರಲಿಲ್ಲ.

ಸೆಟ್ಟಿನಿಂದ ಏರಿಯಲ್ಲಿಗೆ ಹೋಗುವ ಕೇಬಲಿನಲ್ಲಿಯೂ ಒಂದು ಪಾಠವುಂಟು. ಹೊಂದಿಕೆ ಸರಿಯಾಗದಿದ್ದರೆ ಕಳುಹಿಸಿದ ಶಕ್ತಿಯು ಬಾವಿಯೊಳಗೆ ಕೂಗಿದ ಕೂಗಿನ ಹಾಗೆ ಹಿಂದಿರುಗಿ ಬರುತ್ತದೆ. ಅದನ್ನು ಅಳೆಯಲು ಒಂದು ಚಿಕ್ಕ ಮೀಟರು ಇದೆ. ಅದರ ಮುಳ್ಳು ಎರಡು ಎಂದು ತೋರಿಸಿದರೆ ಒಂಬತ್ತರಲ್ಲಿ ಒಂದು ಪಾಲು ಹಿಂದೆ ಬಂತೆಂದು ಅರ್ಥ. ಮೂರು ಎಂದರೆ ಕಾಲು ಪಾಲು. ಆಗ ಕಂಬವನ್ನಿಳಿಸಿ ತಂತಿಯನ್ನು ಬೆರಳಗಲ ಕತ್ತರಿಸಿ ಮತ್ತೆ ಏರಿಸಿ ಮತ್ತೆ ನೋಡಬೇಕು. ಇನ್ನು 145 ಮೆಗಾಹರ್ಟ್ಸಿನಂಥ ಮೇಲಿನ ಪಟ್ಟಿಯಲ್ಲಿ ಅಗ್ಗದ ತೆಳು ಕೇಬಲನ್ನು ಮೂವತ್ತು ಮೀಟರ್ ಎಳೆದರೆ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲಿಯೇ ಶಾಖವಾಗಿ ನಷ್ಟವಾಗುವದು. ನಮ್ಮ ಮಳೆಗಾಲದಲ್ಲಿ ಕೇಬಲಿನ ತುದಿಯೊಳಗೆ ನೀರು ಇಳಿದರಂತೂ ಹೇಳತಕ್ಕದ್ದೇ ಇಲ್ಲ. ಸಾಲದ್ದಕ್ಕೆ ನೆರೆಮನೆಯ ಅಗ್ಗದ ಎಲ್.ಇ.ಡಿ. ದೀಪಗಳೂ ಫೋನಿನ ಚಾರ್ಜರುಗಳೂ ಸೆಟ್ಟಿನೊಳಗೆ ಜೀರುಂಡೆಯ ಹಾಗೆ ಮೊರೆಯುವವು. ಯಾವ ದೀಪವೆಂದು ಒಂದೊಂದನ್ನಾಗಿ ಆರಿಸಿ ಕಂಡುಹಿಡಿಯಬೇಕು. ಅದಕ್ಕೆ ನೆರೆಮನೆಯವರ ಸ್ನೇಹವಿರಬೇಕು. ಇದೆಲ್ಲವನ್ನೂ ಆ ಹುಡುಗಿಯು ಕಲಿತಿದ್ದಳು. ಅವಳಿಗೆ ಇಲ್ಲದ್ದು ಕಂಬ ನೆಡುವದಕ್ಕೆ ಮನೆಯವರ ಅಪ್ಪಣೆಯೊಂದೇ.

ಆದಕಾರಣ ಅಲ್ಲಿಂದ ನಾವು ನೆಟ್ಟಗೆ ಅವಳ ಮನೆಗೆ ಹೋದೆವು. ತಂದೆಯವರು ಕೆಲಸದಿಂದ ಬಂದಿರಲಿಲ್ಲ. ಅಜ್ಜಿಯು ಕಾಫಿ ತಂದುಕೊಟ್ಟು ಎದುರಿಗೆ ಕುಳಿತರು. "ಟೀಚರೇ, ಮನೆಯ ಮೇಲೆ ಸರಿಗೆ ಕಟ್ಟುವದೆಂದರೆ ಸಿಡಿಲಿಗೆ ಮಣೆ ಹಾಕಿ ಕರೆದ ಹಾಗಲ್ಲವೋ?" ಎಂದು ಕೇಳಿದರು. ಇದು ಅಜ್ಞಾನದ ಪ್ರಶ್ನೆಯಲ್ಲ. ಮುಂಗಾರಿನ ಮೊದಲೂ ಹಿಂಗಾರಿನಲ್ಲಿಯೂ ನಮ್ಮ ಕರಾವಳಿಯಲ್ಲಿ ಸಿಡಿಲು ಹೇಗೆ ಎರಗುವದೆಂಬದನ್ನು ಅವರು ಎಪ್ಪತ್ತು ವರ್ಷ ಕಂಡವರು. ನಾವು ಅವರಿಗೆ ಹೇಳಿದ್ದಿಷ್ಟು: ತೆಂಗಿನ ಮರಗಳಿಗಿಂತ ತಗ್ಗಾದ ಕಂಬವು ಸಿಡಿಲನ್ನು ಹುಡುಕಿ ತರುವದಿಲ್ಲ, ಆದರೆ ಸಮೀಪದಲ್ಲಿ ಎರಗಿದರೂ ತಂತಿಯಲ್ಲಿ ಅಪಾಯಕರವಾದ ವಿದ್ಯುತ್ತು ಹುಟ್ಟಬಹುದು. ಅದಕ್ಕಾಗಿ ಕಂಬದ ಬುಡದಲ್ಲಿ ಭೂಮಿಗೆ ತಾಮ್ರದ ಸಲಾಕೆಯನ್ನು ಇಳಿಸಬೇಕು, ಕೇಬಲು ಗೋಡೆಯನ್ನು ದಾಟುವ ಮುಂಚೆ ಸಿಡಿಲು ನಿರೋಧಕವನ್ನು ಹಾಕಿ ಅದನ್ನೂ ಭೂಮಿಗೆ ಸೇರಿಸಬೇಕು. ಮೋಡ ಕವಿಯುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಳಚಿ ಕಿಟಕಿಯ ಹೊರಗೆ ಇಡಬೇಕು. ನೇರವಾಗಿ ಎರಗಿದ ಸಿಡಿಲಿಗೆ ಮನೆಯವರು ಮಾಡಿದ ಯಾವ ಉಪಾಯವೂ ಖಂಡಿತವಾದ ತಡೆಯಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆವು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯು, "ಅಣ್ಣ ಮಾಡಿನ ಮೇಲೆ ಟಿ.ವಿ. ಡಿಶ್ ಹಾಕಿಸಿದಾಗ ನೀವು ಸಿಡಿಲಿನ ಮಾತೇ ಎತ್ತಲಿಲ್ಲವಲ್ಲ, ಅಜ್ಜಿ" ಅಂದಳು. ಅಜ್ಜಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೌದು" ಎಂದು ನಕ್ಕರು.

ಸಿಡಿಲಿನ ಭಯಕ್ಕೆ ಸಲಾಕೆಯುಂಟು. ತಂದೆಯವರ ಭಯಕ್ಕೆ ಏನುಂಟು ಎಂಬದೇ ಉಳಿದ ಪ್ರಶ್ನೆ. ಗುರುತಿಲ್ಲದವರ ಸಂಗಡ ಮಾತಾಡುವದು! ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಹೆಣ್ಣುಮಕ್ಕಳನ್ನು ನೋಡಿಕೊಳ್ಳುವದರಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲವನ್ನು ಕಳೆದ ನಮಗೆ, ಕಣ್ಣೀರು ತುಂಬಿ ಕಚೇರಿಗೆ ಬಂದ ಹುಡುಗಿಯರ ನೆನಪು ಬೇಕಾದಷ್ಟಿದೆ. ಆದರೆ ಅವರಲ್ಲಿ ಯಾರೂ ರೇಡಿಯೋದಿಂದ ಕೆಟ್ಟು ಬಂದವರಲ್ಲ. ಅವರೆಲ್ಲರ ಕಷ್ಟವೂ ಹುಟ್ಟಿದ್ದು ಅಂಗೈಯಗಲದ ಫೋನಿನಲ್ಲಿ, ಕಂಬಳಿಯ ಒಳಗೆ, ಮನೆಯವರು ಮಲಗಿದ ಮೇಲೆ. ಅಲ್ಲಿ ಮಾತು ಗುಟ್ಟಾಗಿತ್ತು, ಆಡಿದವನ ಹೆಸರು ಸುಳ್ಳಾಗಿತ್ತು, ಆಡಿದ್ದನ್ನು ಅಳಿಸಬಹುದಾಗಿತ್ತು. ಹವ್ಯಾಸಿ ರೇಡಿಯೋವು ಈ ಮೂರಕ್ಕೂ ಎದುರಾದದ್ದು. ಅಲ್ಲಿ ಗುಪ್ತ ಭಾಷೆಯು ನಿಷಿದ್ಧ. ಪ್ರತಿಯೊಬ್ಬರೂ ತಮಗೆ ಸರ್ಕಾರವು ಕೊಟ್ಟ ಸಂಕೇತವನ್ನು ಹೇಳಿಯೇ ಮಾತಾಡಬೇಕು. ಆ ಸಂಕೇತದ ಹಿಂದೆ ಲೈಸೆನ್ಸು ಪಡೆದ ನಿಜವಾದ ಮನುಷ್ಯನೊಬ್ಬನಿದ್ದಾನೆ. ಯಾವ ದಿನ, ಯಾವ ಹೊತ್ತು, ಯಾವ ತರಂಗ, ಯಾರೊಂದಿಗೆ ಎಂಬದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಆಡಿದ ಮಾತನ್ನು ಕೋಣೆಯಲ್ಲಿರುವ ಅಜ್ಜಿಯೂ ಕೇಳಬಹುದು, ಕೊಲಂಬೋದಲ್ಲಿ ಸೆಟ್ಟು ತಿರುಗಿಸುತ್ತಿರುವವರೂ ಕೇಳಬಹುದು. ಊರಿನ ಬಾವಿಕಟ್ಟೆಯಲ್ಲಿ ನಿಂತು ಮಾತಾಡುವದು ಹೇಗೋ ಇದೂ ಹಾಗೆಯೇ. ಮಗಳಿಗೆ ಫೋನು ಕೊಡಿಸಿದ ತಂದೆಯು ರೇಡಿಯೋಕ್ಕೆ ಹೆದರುವದು ನಮಗೆ ಆಶ್ಚರ್ಯವಾಗಿ ಕಾಣುವದು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಎಲ್ಲರೂ ಕೇಳುವರೆಂಬ ಕಾರಣದಿಂದಲೇ ಹುಡುಗಿಯು ಮನೆಯ ಗುರುತನ್ನಾಗಲಿ, ಮನೆಯಲ್ಲಿ ಯಾರಿಲ್ಲ, ನಾಳೆ ಯಾವ ಬಸ್ಸಿಗೆ ಹೋಗುವೆನು ಎಂಬಂಥ ಮಾತುಗಳನ್ನಾಗಲಿ ಆಡಬಾರದು. ಕಾರ್ಡುಗಳು ಮನೆಯ ವಿಳಾಸಕ್ಕೆ ಬರದೆ ಶಾಲೆಯ ವಿಳಾಸಕ್ಕೆ ಬರಲಿ. ಅಸಭ್ಯವಾದ ಮಾತು ಕಿವಿಗೆ ಬಿದ್ದರೆ ತರಂಗವನ್ನು ಬದಲಾಯಿಸಿ ಹಿರಿಯರಿಗೆ ತಿಳಿಸಲಿ. ಇಷ್ಟನ್ನು ಕಲಿಸುವ ಹೊಣೆಯು ನಮ್ಮದೂ ತಂದೆತಾಯಿಗಳದೂ ಆಗಿದೆ, ರೇಡಿಯೋದ್ದಲ್ಲ. ಅಂದ ಹಾಗೆ, ಹವ್ಯಾಸಿಗಳ ಭಾಷೆಯಲ್ಲಿ ಮೈಕಿನ ಮುಂದೆ ಕೂಡುವ ಯಾವ ಸ್ತ್ರೀಯನ್ನೂ, ಅವಳು ಎಷ್ಟೇ ವಯಸ್ಸಿನವಳಿದ್ದರೂ, ವೈ.ಎಲ್., ಅಂದರೆ ಯುವತಿ, ಎಂದೇ ಕರೆಯುವ ಪದ್ಧತಿಯಿದೆ. ನಾಲ್ವತ್ತನ್ನು ದಾಟಿದ ನಮಗೆ ಇದನ್ನು ಕೇಳಿ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ಇದು ನಮ್ಮ ನಾಡಿಗೆ ಸಲ್ಲದ ಪರದೇಶದ ಹುಚ್ಚೆಂದು ಹೇಳುವವರು ಮೈಸೂರನ್ನು ನೆನಸಿಕೊಳ್ಳಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ವಿಠ್ಠಲ ವಿಹಾರವೆಂಬ ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಈಗ ದೇಶಕ್ಕೆಲ್ಲ ಹೆಸರಾದ ಆಕಾಶವಾಣಿ ಎಂಬ ಶಬ್ದವು ರೇಡಿಯೋ ನಿಲಯಕ್ಕೆ ಸಂದದ್ದು ಆ ಮನೆಯಲ್ಲಿ. ಅವರದು ಹೇಳುವ ನಿಲಯ, ಹವ್ಯಾಸಿಗಳದು ಮಾತಾಡುವ ನಿಲಯ, ಈ ಭೇದವುಂಟು. ಮನೆಯೊಳಗೆ ಒಬ್ಬ ಉಪಾಧ್ಯಾಯರ ಆಸಕ್ತಿಯಿಂದ ಹುಟ್ಟಿದ್ದೆಂಬದರಲ್ಲಿ ಭೇದವಿಲ್ಲ.

ಹೆಣ್ಣುಮಕ್ಕಳ ಮಾತಿಗೆ ಬಂದರೆ, 1942ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ರೇಡಿಯೋವನ್ನು ನಡಿಸಿದ ಉಷಾ ಮೆಹತಾ ಅವರಿಗೆ ಆಗ ಇಪ್ಪತ್ತೆರಡು ವರ್ಷ, ಇನ್ನೂ ವಿದ್ಯಾರ್ಥಿನಿ. ಯುದ್ಧದ ಕಾಲವದು, ಹವ್ಯಾಸಿಗಳ ಲೈಸೆನ್ಸುಗಳನ್ನು ಸರ್ಕಾರವು ಹಿಂದಕ್ಕೆ ತೆಗೆದುಕೊಂಡಿತ್ತು. ಆಗಸ್ಟಿನಿಂದ ನವೆಂಬರಿನ ವರೆಗೆ ಅವರೂ ಜೊತೆಯವರೂ ಯಂತ್ರವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತ 42.34 ಮೀಟರಿನ ಅಲೆಯಲ್ಲಿ ಚಳವಳಿಯ ಸುದ್ದಿಯನ್ನು ಹೇಳಿದರು. ಸಿಕ್ಕಿಬಿದ್ದ ಮೇಲೆ 1946ರ ವರೆಗೆ ಸೆರೆಮನೆಯಲ್ಲಿದ್ದರು. ಲೈಸೆನ್ಸಿಲ್ಲದ ರೇಡಿಯೋವನ್ನು ನಮ್ಮ ಹುಡುಗಿಯರಿಗೆ ಮಾದರಿಯೆಂದು ನಾವು ತೋರಿಸುತ್ತಿಲ್ಲ. ಮೈಕು ಹುಡುಗಿಯರ ಕೈಗೆ ತಕ್ಕದ್ದಲ್ಲವೆಂಬವರಿಗೆ ಮಾತ್ರ ಈ ಉತ್ತರ.

ಲೈಸೆನ್ಸಿನ ಮಾದರಿ ಬೇಕಾದವರಿಗೆ ಭಾರತಿ ಪ್ರಸಾದ್ ಅವರಿದ್ದಾರೆ. 2004ರ ಡಿಸೆಂಬರಿನಲ್ಲಿ ಅವರು ಕೆಲವು ಹವ್ಯಾಸಿಗಳೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಹೋದ ಉದ್ದೇಶವು ಕೇವಲ ವಿನೋದ: ಬಹಳ ವರ್ಷಗಳಿಂದ ಹವ್ಯಾಸಿ ರೇಡಿಯೋದಲ್ಲಿ ಕೇಳಿಬರದಿದ್ದ ಆ ದ್ವೀಪಗಳಿಂದ ಲೋಕದವರೊಂದಿಗೆ ಮಾತಾಡುವದು. 26ನೆಯ ತಾರೀಖಿನ ಬೆಳಿಗ್ಗೆ ಭೂಮಿಯು ನಡುಗಿ ಸಮುದ್ರವು ಮೇಲೆದ್ದು ಬಂದಿತು. ಟೆಲಿಫೋನುಗಳು ಸತ್ತವು. ಆಟಕ್ಕೆಂದು ಕಟ್ಟಿದ ಆ ತಂತಿಗಳೇ, ದ್ವೀಪದಲ್ಲಿ ಬದುಕಿ ಉಳಿದವರ ಸುದ್ದಿಯನ್ನು ಆಚೆ ದಡದಲ್ಲಿ ಕಾದುಕೊಂಡಿದ್ದವರಿಗೆ ಮುಟ್ಟಿಸಿದವು. ಈ ಸೇವೆಗೆ ಬೇಕಾದ ಅಭ್ಯಾಸವು ಅಂದು ಬೆಳಿಗ್ಗೆ ಬಂದದ್ದಲ್ಲ. ಮನೆಯ ಮೂಲೆಯಲ್ಲಿ ಮೀಟರಿನ ಮುಳ್ಳನ್ನು ನೋಡುತ್ತ, ಗದ್ದಲದ ನಡುವೆ ಕ್ಷೀಣವಾದ ಧ್ವನಿಯನ್ನು ಬಿಡಿಸಿಕೊಳ್ಳುತ್ತ ಬಂದದ್ದು.

ಕೇಳುವದು ಎಂಬ ಈ ಅಭ್ಯಾಸವನ್ನೇ ನಾವು ಎಲ್ಲಕ್ಕಿಂತ ದೊಡ್ಡದಾಗಿ ಎಣಿಸುತ್ತೇವೆ. ಬಾಲಕನಾದ ಸಮುವೇಲನು ರಾತ್ರಿಯಲ್ಲಿ ಕೂಗು ಕೇಳಿ ಎದ್ದೆದ್ದು ಏಲಿಯ ಬಳಿಗೆ ಓಡಿದ ಕಥೆಯನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಕರೆದವರು ಯಾರೆಂದು ತಿಳಿಯಬೇಕಾದರೆ ಮೊದಲು ಸುಮ್ಮನಿರಬೇಕು. ಹವ್ಯಾಸಿಗಳಲ್ಲಿಯೂ ಇದೇ ಮರ್ಯಾದೆ: ತರಂಗವನ್ನು ಮೊದಲು ಕಿವಿಗೊಟ್ಟು ಕೇಳಬೇಕು, ಯಾರಾದರೂ ಇದ್ದೀರೋ ಎಂದು ವಿಚಾರಿಸಬೇಕು, ಆಮೇಲೆ ಮಾತು. 7 ಮೆಗಾಹರ್ಟ್ಸಿನಲ್ಲಿ ಹಗಲು ಹೊತ್ತು ಕೆಲವು ನೂರು ಮೈಲಿಯ ಒಳಗಿನವರು ಕೇಳಿಸುವರು. ಸೂರ್ಯನು ಮುಳುಗಿದ ಮೇಲೆ ಆಕಾಶದ ಪದರಗಳು ಬದಲಾಗಿ ದೂರ ದೇಶದವರು ಒಬ್ಬೊಬ್ಬರಾಗಿ ಮೇಲೆ ತೇಲಿ ಬರುವರು. ಗುಂಡಿ ಒತ್ತಿದೊಡನೆ ಬೇಕಾದವರು ದೊರೆಯುವ ಈ ಕಾಲದಲ್ಲಿ, ಕಾಯುವದನ್ನು ಕಲಿಸುವ ಯಂತ್ರ ಬೇರೆ ಯಾವದಿದೆ?

ಅಂಕಗಳ ಚಿಂತೆಯವರಿಗೆ ಒಂದೇ ಸಂಗತಿ ಹೇಳುತ್ತೇವೆ. 2025ರ ಜುಲೈ 4ರಂದು ಬಾಹ್ಯಾಕಾಶ ನಿಲಯದಲ್ಲಿದ್ದ ಶುಭಾಂಶು ಶುಕ್ಲಾ ಅವರೊಂದಿಗೆ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು ಮಾತಾಡಿದ್ದು ಹವ್ಯಾಸಿ ರೇಡಿಯೋದ ಮೂಲಕ. ಆ ನಿಲಯವು ನೆಲದ ಮೇಲಿನ ಒಂದು ಏರಿಯಲ್ಲಿನ ನೋಟದೊಳಗೆ ಇರುವದು ಒಂದು ಸಲಕ್ಕೆ ಹತ್ತು ನಿಮಿಷದಷ್ಟು ಮಾತ್ರ. ಅಷ್ಟರಲ್ಲಿ ಕೇಳತಕ್ಕದ್ದನ್ನು ಕೇಳಿ ಮುಗಿಸಬೇಕು. ಯಾವ ಪರೀಕ್ಷೆಯ ಉತ್ತರ ಪತ್ರಿಕೆಯೂ ಇಷ್ಟು ಬಿಗಿಯಾದದ್ದಲ್ಲ. ಖರ್ಚಿನ ವಿಷಯವು ನಿಜ. ಒಳ್ಳೆಯ ಸೆಟ್ಟಿಗೆ ಬಡವರ ಮನೆಯಲ್ಲಿ ಹಣವಿರುವದಿಲ್ಲ. ಆದಕಾರಣ ಶಾಲೆಗೊಂದು ನಿಲಯವಿರಬೇಕೆಂಬದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯವು ನಮಗೆ ತಡವಾಗಿ ಬಂದಿತು ಎಂಬದನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ನಮ್ಮ ಕಚೇರಿಗೆ ಬಂದು, ಶಾಲೆಯ ಮಾಡಿಗೂ ಗಂಟೆಯ ಕಂಬಕ್ಕೂ ನಡುವೆ ಒಂದು ತಂತಿಯನ್ನು ಕಟ್ಟಬಹುದೋ ಎಂದು ಕೇಳಿದಳು. ಕಾಗದದ ಮೇಲೆ ಅಳತೆಯನ್ನೂ ಬರೆದು ತಂದಿದ್ದಳು. ನಾವು ಆ ಕಾಗದವನ್ನು ನೋಡಲಿಲ್ಲ. ಸಿಡಿಲು, ಮಂಡಳಿಯವರ ಅಪ್ಪಣೆ, ಪಬ್ಲಿಕ್ ಪರೀಕ್ಷೆ ಎಂದು ಮೂರು ಕಾರಣಗಳನ್ನು ಹೇಳಿ ಒಂದು ನಿಮಿಷದೊಳಗೆ ಕಳುಹಿಸಿಬಿಟ್ಟೆವು. ಅವಳು ಮುಂದೆ ಹ್ಯಾಮ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂಕೇತವನ್ನು ಪಡೆದಳು. ಈಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಳೆ, ಅಲ್ಲಿ ಏರಿಯಲ್ ಕಟ್ಟಲು ಸ್ಥಳವಿಲ್ಲ. ಅವಳ ಹೆಸರು ಸರ್ಕಾರದ ಪಟ್ಟಿಯಲ್ಲಿದೆ, ಧ್ವನಿಯು ಎಲ್ಲಿಯೂ ಇಲ್ಲ. ಸಭೆಯಲ್ಲಿ ಆ ತಂದೆಯವರು ಎದ್ದು ಕೇಳಿದಾಗ ನಮ್ಮ ಉತ್ತರವು ಎರಡೇ ವಾಕ್ಯಕ್ಕೆ ನಿಂತುಹೋದದ್ದು ಈ ಕಾರಣದಿಂದಲೇ. ನಾವೇ ಕೊಡದ ಅಪ್ಪಣೆಯನ್ನು ಅವರು ಕೊಡಲಿ ಎಂದು ಯಾವ ಮುಖದಿಂದ ಹೇಳುವದು?

ಮಂಡಳಿಯವರನ್ನು ನಾವು ಈ ವರ್ಷ ಕೇಳಿದೆವು. ಸಲಾಕೆಯನ್ನು ಬಲ್ಲವರಿಂದಲೇ ಹಾಕಿಸಬೇಕು, ಸಿಡಿಲಿನ ದಿನ ಮುಟ್ಟಕೂಡದು ಎಂಬ ಕಟ್ಟಳೆಯಿಂದ ಒಪ್ಪಿದ್ದಾರೆ. ಅಡಿಕೆ ಮರದ ಕಂಬವು ಪ್ರಯೋಗಶಾಲೆಯ ಹಿಂದೆ ಬಂದು ಬಿದ್ದಿದೆ. ಹಿಂಗಾರಿನ ಗುಡುಗು ಕಳೆದ ಮೇಲೆ ನೆಡುವೆವು. ಸಭೆಯಲ್ಲಿ ಪ್ರಶ್ನೆ ಕೇಳಿದ ತಂದೆಯವರು ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಮೊದಲು ಶಾಲೆಯಲ್ಲಿ ನೋಡೋಣ, ಆಮೇಲೆ ಮನೆಯ ಮಾತು ಎಂದಿದ್ದಾರೆ. ಅಜ್ಜಿಯವರು ಮಾತ್ರ ಕಂಬ ಏರಿಸುವ ದಿನ ತಮಗೂ ಹೇಳಿಕಳುಹಿಸಬೇಕೆಂದಿದ್ದಾರೆ. ಹಾಸ್ಟೆಲಿನಲ್ಲಿರುವ ಹುಡುಗಿಗೆ ನಾವು ಕಾಗದ ಬರೆದು, ಅಂದಿನ ಅಳತೆಯನ್ನು ಮತ್ತೊಮ್ಮೆ ಕಳುಹಿಸುವೆಯೋ ಎಂದು ಕೇಳಿಕೊಂಡೆವು. ಎಂಟು ದಿನದಲ್ಲಿ ಉತ್ತರ ಬಂದಿತು. ಹಳೆಯ ವಿಷಯದ ಒಂದು ಮಾತೂ ಅದರಲ್ಲಿರಲಿಲ್ಲ. ಅಳತೆಗಳಿದ್ದವು, ಕೊನೆಗೆ, "ಟೀಚರ್, ತಂತಿಯನ್ನು ಲೆಕ್ಕಕ್ಕಿಂತ ಸ್ವಲ್ಪ ಉದ್ದವಾಗಿಯೇ ಕತ್ತರಿಸಿರಿ, ಮೀಟರು ನೋಡಿ ಆಮೇಲೆ ಮೋಟು ಮಾಡಬಹುದು" ಎಂದಿತ್ತು. ಅದರಂತೆ ಎರಡು ಕಡೆಗೂ ಅರ್ಧ ಅರ್ಧ ಮೀಟರ್ ಹೆಚ್ಚಾಗಿ ಬಿಟ್ಟಿದ್ದೇವೆ.